ಮಂಜೇಶ್ವರದಿಂದ ಬೇಕಲದವರೆಗೆ ಎರಡು ಕ್ಯಾಮರಾಗಳು

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಗೇರುಮರಗಳ ನಡುವೆ ಒಂದು ಕನ್ನಡ ಮಾಧ್ಯಮ ಶಾಲೆಯಿದೆ. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಆ ತುದಿಯಿಂದ ಈ ತುದಿಯವರೆಗೆ ಒಂದೇ ಜಗಲಿ. ಬೇಸಗೆ ರಜೆಯಲ್ಲಿ ಈ ಕಟ್ಟಡವನ್ನು ಕಳಚಿ, ಅದೇ ಜಾಗದಲ್ಲಿ ಹೊಸ ಕಾಂಕ್ರೀಟ್ ಕಟ್ಟಡ ಕಟ್ಟುವುದೆಂದು ನಿಶ್ಚಯವಾಗಿದೆ. ಅದಕ್ಕೆ ಯಾರ ತಕರಾರೂ ಇಲ್ಲ. ಆಟಿಯ ಮಳೆಯಲ್ಲಿ ಸೋರುವ ಮಾಡಿನ ಕೆಳಗೆ ಮಕ್ಕಳನ್ನು ಕೂರಿಸಿದವರಿಗೆ ಹಳೆಯ ಕಟ್ಟಡದ ಕಷ್ಟ ಗೊತ್ತು. ಆದರೆ ಅದು ಹೋಗುವ ಮೊದಲು ಅದರ ಚಿತ್ರಗಳು ಉಳಿಯಬೇಕು. ಅಲ್ಲಿ ಕಲಿತವರ, ಕಲಿಸಿದವರ, ಬಿಸಿಯೂಟ ಬೇಯಿಸಿದವರ ಮುಖಗಳು ಉಳಿಯಬೇಕು ಎಂದು ರಕ್ಷಕ-ಶಿಕ್ಷಕ ಸಂಘ ನಿರ್ಣಯಿಸಿತು. ಹಳೆ ವಿದ್ಯಾರ್ಥಿಗಳು ಹಣ ಕೂಡಿಸಿದರು.

ಮೊಬೈಲಿನಲ್ಲೇ ತೆಗೆದರೆ ಸಾಲದೇ ಎಂದು ಸಭೆಯಲ್ಲಿ ಕೇಳಿದವರಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಚಿತ್ರಕಲಾ ಮಾಷ್ಟ್ರು ಕೊಟ್ಟ ಉತ್ತರವೂ ಅಷ್ಟೇ ಸರಳವಾಗಿತ್ತು. ಮೊಬೈಲು ಒಬ್ಬರ ಸೊತ್ತು. ಅದು ಕೆಟ್ಟಾಗ, ಬದಲಾದಾಗ ಚಿತ್ರಗಳೂ ಚದುರಿಹೋಗುತ್ತವೆ. ಶಾಲೆಯ ಕಪಾಟಿನಲ್ಲಿರುವ ಕ್ಯಾಮರಾ ಶಾಲೆಯ ಸೊತ್ತು. ಅದರಲ್ಲಿ ತೆಗೆದದ್ದನ್ನು ಜೋಪಾನ ಮಾಡುವ ಹೊಣೆಯೂ ಶಾಲೆಯದು.

ಕೂಡಿದ ಹಣಕ್ಕೆ ಹೊಸ ಕ್ಯಾಮರಾ ಬರುವಂತಿರಲಿಲ್ಲ. ಮಂಗಳೂರಿನಲ್ಲಿರುವ ಹಳೆ ವಿದ್ಯಾರ್ಥಿಯೊಬ್ಬರ ಬಳಿ ಅವರೇ ಬಳಸಿದ ಎರಡು ಕ್ಯಾಮರಾಗಳಿದ್ದವು. ಎರಡನ್ನೂ ಒಂದೇ ಬೆಲೆಗೆ ಕೊಡಲು ಅವರು ಒಪ್ಪಿದರು. ಆದರೆ ಶಾಲೆಯ ಹಣ ಸಾಲುತ್ತಿದ್ದುದು ಒಂದಕ್ಕೆ ಮಾತ್ರ. ಜನವರಿಯ ಒಂದು ಶುಕ್ರವಾರ ಸಂಜೆ ಎರಡನ್ನೂ ತಂದುಕೊಟ್ಟು, ಸೋಮವಾರ ರಾತ್ರಿಯೊಳಗೆ ಯಾವುದು ಬೇಕೆಂದು ತಿಳಿಸಿದರೆ ಸಾಕೆಂದು ಅವರು ಹೊರಟುಹೋದರು.

ಎರಡೂ ನಿಕಾನ್ ಸಂಸ್ಥೆಯವು. ಒಂದು 2017ರಲ್ಲಿ ಬಂದ ಡಿ 7500, ಇನ್ನೊಂದು 2019ರ ಝಡ್ 50. ಮೊದಲನೆಯದು ಡಿಎಸ್‌ಎಲ್‌ಆರ್. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಕನ್ನಡಿಯಿದೆ; ಲೆನ್ಸಿನಿಂದ ಬಂದ ಬೆಳಕು ಅದಕ್ಕೆ ತಾಗಿ, ಗಾಜಿನ ಪಟ್ಟಕದ ಮೂಲಕ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಬೆಳಕಿಗೆ ದಾರಿ ಬಿಡುತ್ತದೆ. ಎರಡನೆಯದರಲ್ಲಿ ಕನ್ನಡಿಯೇ ಇಲ್ಲ. ಸೆನ್ಸರಿನ ಮೇಲೆ ಬಿದ್ದ ಚಿತ್ರವನ್ನೇ ಕಿರಿದಾದ ವಿದ್ಯುತ್ ಪರದೆಯಲ್ಲಿ ಕಣ್ಣು ನೋಡುತ್ತದೆ. ಕುತೂಹಲದ ಸಂಗತಿಯೆಂದರೆ, ಎರಡರ ಸೆನ್ಸರಿನ ಅಳತೆ ಒಂದೇ, 23.5 × 15.7 ಮಿಲಿಮೀಟರ್. ಎರಡೂ ಕೊಡುವುದು 2 ಕೋಟಿ 9 ಲಕ್ಷ ಬಿಂದುಗಳ ಚಿತ್ರವನ್ನೇ. ತೂಕ ಮಾತ್ರ ಬೇರೆ: ಬ್ಯಾಟರಿ, ಕಾರ್ಡು ಸೇರಿ ದೊಡ್ಡದು ಸುಮಾರು 720 ಗ್ರಾಂ, ಸಣ್ಣದು ಸುಮಾರು 450 ಗ್ರಾಂ.

ಎರಡನ್ನೂ ಪರೀಕ್ಷಿಸುವ ಕೆಲಸ ಒಂಬತ್ತನೇ ತರಗತಿಯ ಒಬ್ಬಳು ಹುಡುಗಿಯ ಪಾಲಿಗೆ ಬಂತು. ಅದಕ್ಕೆ ಕಾರಣ ಅವಳ ಅಜ್ಜ. ಕುಂಬಳೆಯಲ್ಲಿ ದಶಕಗಳ ಕಾಲ ಸ್ಟುಡಿಯೋ ನಡೆಸಿದವರು ಅವರು. ಶಾಲೆಯ ಕಚೇರಿಯಲ್ಲಿ ತೂಗುಹಾಕಿರುವ ಗುಂಪುಚಿತ್ರಗಳೆಲ್ಲ ಅವರು ತೆಗೆದವೇ. ಒಂದು ಚಿತ್ರದಲ್ಲಿ ಒಂದನೇ ತರಗತಿಯ ಮಕ್ಕಳು ಜಗಲಿಯಲ್ಲಿ ನಾಲ್ಕು ಸಾಲಾಗಿ ನಿಂತಿದ್ದಾರೆ. ಈಗಿನ ಒಂದನೇ ತರಗತಿಗೆ ಎರಡು ಬೆಂಚು ಸಾಕು. ಸ್ಟುಡಿಯೋ ಮುಚ್ಚಿದಾಗ ಅಜ್ಜ ಎಲ್ಲವನ್ನೂ ಕೊಟ್ಟು, ಒಂದು ಲೆನ್ಸನ್ನು ಮಾತ್ರ ಇಟ್ಟುಕೊಂಡಿದ್ದರು: ಫಿಲ್ಮಿನ ಕಾಲದ 50 ಮಿ.ಮೀ., ಎಫ್ 1.8. ಶನಿವಾರ ಬೆಳಿಗ್ಗೆ ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಅವರೂ ಹೊರಟರು. ಮಾಷ್ಟ್ರು ಕಾರು ತಂದಿದ್ದರು.

ಮೊದಲು ಹೋದದ್ದು ಮಂಜೇಶ್ವರಕ್ಕೆ. ಗೋವಿಂದ ಪೈಗಳು 1883ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡರು. 1949ರಲ್ಲಿ ಅಂದಿನ ಮದ್ರಾಸ್ ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ನೀಡಿತು. ಅವರು ಬಾಳಿದ ಮನೆಯ ನೆಲದಲ್ಲಿ ಈಗ ಸ್ಮಾರಕವಿದೆ. ಅವರ ಮೊದಲ ಕವನ ಸಂಕಲನದ ಹೆಸರನ್ನೇ ಹೊತ್ತು ಅದು ‘ಗಿಳಿವಿಂಡು’ ಎನಿಸಿಕೊಂಡಿದೆ. ಹುಡುಗಿ ಅಂಗಳದಲ್ಲಿ ಒಂದೇ ಜಾಗದಲ್ಲಿ ನಿಂತು, ಒಂದೇ ದೃಶ್ಯವನ್ನು ಎರಡೂ ಕ್ಯಾಮರಾಗಳಲ್ಲಿ ತೆಗೆದಳು. ಒಂದು ಬದಿಗೆ ನೆರಳು, ಇನ್ನೊಂದು ಬದಿಗೆ ಬಿಸಿಲು. ಕಾರಿನಲ್ಲಿ ಕುಳಿತು ಎರಡು ಚಿತ್ರಗಳನ್ನು ಪಕ್ಕಪಕ್ಕಕ್ಕೆ ಹಿಡಿದು ನೋಡಿದರು. ಯಾವುದು ಯಾವುದರದೆಂದು ಮೂವರಿಗೂ ಹೇಳಲಾಗಲಿಲ್ಲ.

“ಹಾಗಾದ್ರೆ ಯಾವುದು ತೆಗೊಂಡ್ರೂ ಆಯ್ತಲ್ಲ ಅಜ್ಜ?” ಎಂದಳು ಹುಡುಗಿ.

“ಚಿತ್ರ ಒಂದೇ ಆದ್ರೂ ತೆಗೆಯುವವರು ಒಂದೇ ಅಲ್ಲವಲ್ಲ,” ಎಂದರು ಅಜ್ಜ. “ನೋಡುವ. ಇನ್ನೂ ಎರಡು ದಿನ ಉಂಟು.”

ಮಧ್ಯಾಹ್ನ ಅನಂತಪುರ. ಗಿಡಮರ ವಿರಳವಾದ ಮುರಕಲ್ಲಿನ ಹಾಸು, ಅದರ ತಗ್ಗಿನಲ್ಲಿ ಕೆರೆ, ಕೆರೆಯ ನಡುವೆ ಗುಡಿ. ಗುಡಿಗೆ ಹೋಗಲು ಒಂದು ಕಾಲುಸೇತುವೆ. ಜನವರಿಯ ನಡುಹಗಲಿನಲ್ಲಿ ಕಲ್ಲೂ ನೀರೂ ಬಿಸಿಲನ್ನು ಕಣ್ಣಿಗೇ ಎಸೆಯುತ್ತವೆ. ಕ್ಯಾಮರಾದ ಹಿಂಬದಿಯ ಪರದೆಯಲ್ಲಿ ತನ್ನ ಮುಖದ ಹೊರತು ಹುಡುಗಿಗೆ ಬೇರೇನೂ ಕಾಣಲಿಲ್ಲ. ದೊಡ್ಡ ಕ್ಯಾಮರಾದ ಕಿಂಡಿಯಲ್ಲಿ ಕಣ್ಣಿಟ್ಟರೆ ಕೆರೆ ಕೆರೆಯಂತೆಯೇ, ಆಕಾಶ ಆಕಾಶದಂತೆಯೇ ಸ್ವಚ್ಛವಾಗಿ ಕಾಣುತ್ತಿತ್ತು. ಆದರೆ ಚಿತ್ರ ತೆಗೆದಮೇಲೆ ನೋಡಿದರೆ ಆಕಾಶ ಬರೀ ಬಿಳಿ. ಸಣ್ಣ ಕ್ಯಾಮರಾದ ಕಿಂಡಿಯೊಳಗೆ, ಚಿತ್ರ ಹೇಗೆ ಬರಲಿದೆಯೋ ಹಾಗೆಯೇ ಮೊದಲು ಕಾಣುತ್ತದೆ; ಆಕಾಶ ಬೆಳ್ಳಗಾಗುತ್ತಿರುವುದನ್ನು ಕಂಡು ಅವಳು ಬೆಳಕನ್ನು ತಗ್ಗಿಸಿಕೊಂಡಳು. ಅಜ್ಜನಿಗೆ ಆ ಸಹಾಯ ಬೇಕಿರಲಿಲ್ಲ. ಒಳ್ಳೆಯ ಬಿಸಿಲಿಗೆ ಎಫ್ 16; ಐಎಸ್‌ಒ 100 ಇದ್ದರೆ ಸೆಕೆಂಡಿನ ನೂರನೇ ಒಂದು ಪಾಲು ಎಂಬ ಫಿಲ್ಮಿನ ಕಾಲದ ಲೆಕ್ಕ ಅವರಿಗೆ ಬಾಯಿಪಾಠ. ಅವರು ದೊಡ್ಡದರಲ್ಲಿ ತೆಗೆದ ಚಿತ್ರದಲ್ಲಿ ಮೋಡದ ಅಂಚೂ ಉಳಿದಿತ್ತು.

ಈ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆಯನ್ನು ನೋಡಲು ದೂರದೂರದ ಊರುಗಳಿಂದ ಜನ ಬರುತ್ತಿದ್ದರು. 2022ರ ಅಕ್ಟೋಬರಿನಲ್ಲಿ ಅದು ಸತ್ತಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತಾದರೂ ಹುಡುಗಿ ಕೇಳಿದ್ದು ಹಳೆಯದರ ಸುದ್ದಿ. ಅಜ್ಜ ಎಷ್ಟೋ ಸಲ ಇಲ್ಲಿಗೆ ಬಂದವರು, ಬಬಿಯಾನನ್ನು ಕಂಡವರು. ಒಂದು ಚಿತ್ರವನ್ನೂ ತೆಗೆದಿರಲಿಲ್ಲ. “ನಾಳೆಯೂ ಇರ್ತದೆ ಅಂತ ಬಿಟ್ಟೆ,” ಎಂದಷ್ಟೇ ಹೇಳಿ ಅವರು ಸೇತುವೆಯತ್ತ ನಡೆದರು. ಗುಡಿಯೊಳಗೆ ಹೋಗುವಾಗ ಎರಡು ಕ್ಯಾಮರಾಗಳೂ ಚೀಲದಲ್ಲೇ ಉಳಿದವು.

ಸಂಜೆ ಕುಂಬಳೆಯ ಸಮೀಪದ ಒಂದು ಸಭಾಭವನದಲ್ಲಿ ತಾಳಮದ್ದಳೆಯಿತ್ತು. ತೆಂಕುತಿಟ್ಟಿನ ಯಕ್ಷಗಾನಕ್ಕೆ ಪಿತಾಮಹನೆಂದು ಜನ ನೆನೆಯುವ ಪಾರ್ತಿಸುಬ್ಬನ ಊರು ಕುಂಬಳೆ. ಅಲ್ಲಿ ಇಂಥ ಕೂಟಗಳಿಗೆ ಬರಗಾಲವಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕುಳಿತಲ್ಲಿಂದಲೇ ಮಾತಿನಲ್ಲಿ ಪಾತ್ರವನ್ನು ಕಟ್ಟಬೇಕು. ಹಾಡು ನಿಂತು ಮಾತು ಶುರುವಾದಾಗ ಸಭೆ ಉಸಿರು ಬಿಗಿಹಿಡಿದಿರುತ್ತದೆ. ಅಂಥ ಹೊತ್ತಿನಲ್ಲಿ ಹುಡುಗಿ ದೊಡ್ಡ ಕ್ಯಾಮರಾದ ಗುಂಡಿ ಒತ್ತಿದಳು. ಕನ್ನಡಿ ಏಳುವ ‘ಟಕ್’ ಸದ್ದಿಗೆ ಮುಂದಿನ ಸಾಲಿನ ಹಿರಿಯರೊಬ್ಬರು ತಿರುಗಿ ನೋಡಿದರು. ಎರಡನೆಯ ಸಲ ಒತ್ತಲು ಅವಳಿಗೆ ಧೈರ್ಯ ಸಾಲಲಿಲ್ಲ.

ಸಣ್ಣದರಲ್ಲಿ ನಿಶ್ಶಬ್ದವಾಗಿ ತೆಗೆಯುವ ವ್ಯವಸ್ಥೆಯಿದೆ. ಅದನ್ನು ಹಾಕಿ ತೆಗೆದಾಗ ಸದ್ದೇನೋ ಇರಲಿಲ್ಲ. ಆದರೆ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು ಮೂಡಿದ್ದವು. ಮಾಷ್ಟ್ರು ಕಾರಣ ವಿವರಿಸಿದರು. ಭವನದ ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ತಿಳಿಯದಂತೆ ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಸದ್ದಿಲ್ಲದೆ ತೆಗೆಯುವಾಗ ಸೆನ್ಸರು ಚಿತ್ರವನ್ನು ಒಂದೊಂದೇ ಗೆರೆಯಾಗಿ ಓದಿಕೊಳ್ಳುತ್ತದೆ. ದೀಪ ಮಂಕಾದ ಕ್ಷಣದಲ್ಲಿ ಓದಿದ ಗೆರೆಗಳು ಕಪ್ಪಾಗುತ್ತವೆ. ವೇಗವನ್ನು ಸೆಕೆಂಡಿನ ಐವತ್ತನೇ ಒಂದು ಪಾಲಿಗೆ ಇಳಿಸಿದ ಮೇಲೆ ಪಟ್ಟಿಗಳು ಮಾಯವಾದವು. ಕುಳಿತು ಮಾತಾಡುವವರ ಚಿತ್ರಕ್ಕೆ ಆ ವೇಗ ಸಾಕು. ಅಜ್ಜನ ಹಳೆಯ ಲೆನ್ಸನ್ನು ಅಡಾಪ್ಟರಿನ ಮೂಲಕ ಸಣ್ಣದಕ್ಕೆ ಜೋಡಿಸಿದ್ದರು. ಹಾಗೆ ಜೋಡಿಸಿದಾಗ ಅದು ತಾನಾಗಿ ಫೋಕಸ್ ಮಾಡುವುದಿಲ್ಲ. ಉಂಗುರವನ್ನು ಕೈಯಿಂದಲೇ ತಿರುಗಿಸಬೇಕು. ಅಜ್ಜ ಅವಳ ಬೆರಳುಗಳನ್ನು ಉಂಗುರದ ಮೇಲಿಟ್ಟು ತೋರಿಸಿಕೊಟ್ಟರು. ಕೂಟ ಮುಗಿಯುವ ಹೊತ್ತಿಗೆ ಅವಳ ಕೈಗೆ ಅದು ಒಗ್ಗಿತ್ತು.

ಭಾನುವಾರ ಮಧ್ಯಾಹ್ನದ ಮೇಲೆ ಬೇಕಲಕ್ಕೆ ಹೊರಟರು. ಕಾಸರಗೋಡು ಪೇಟೆ ದಾಟಿದರೆ ಚಂದ್ರಗಿರಿ ಹೊಳೆ. 1956ರ ನವೆಂಬರ್ 1ರಂದು ಈ ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗದ ವರದಿ ಹೇಳಿತು. ಆಮೇಲೆ ಗಡಿ ಕದಲಲಿಲ್ಲ. ಸೇತುವೆಯ ಮೇಲೆ ಮಾಷ್ಟ್ರು ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಹೊಳೆ ಹಿಂದೆ ಬಿದ್ದಿತ್ತು.

ಬೇಕಲದ ಕೋಟೆಯನ್ನು ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆಂಬುದು ಪ್ರತೀತಿ. ಸುಮಾರು ನಲವತ್ತು ಎಕರೆ ವಿಸ್ತಾರದ, ಮುರಕಲ್ಲಿನ ಈ ಕೋಟೆಯ ಗೋಡೆಗಳು ಕಡಲಿಗೇ ಇಳಿದಂತಿವೆ. ಒಳಗಿನ ವೀಕ್ಷಣಾ ಬುರುಜಿಗೆ ಮೆಟ್ಟಿಲಿಲ್ಲ. ಅಗಲವಾದ ಇಳಿಜಾರು ಹಾದಿಯಲ್ಲಿ ಹತ್ತಬೇಕು. ಅಲ್ಲಿ ನಿಂತರೆ ಪಶ್ಚಿಮಕ್ಕೆ ಕಡಲು, ಉಳಿದ ಕಡೆಗಳಲ್ಲಿ ತೆಂಗಿನ ತಲೆಗಳು.

ಆ ಹಾದಿಯಲ್ಲಿ 720 ಗ್ರಾಂ ಮತ್ತು 450 ಗ್ರಾಂಗಳ ವ್ಯತ್ಯಾಸ ಹುಡುಗಿಯ ಕುತ್ತಿಗೆಗೆ ತಿಳಿಯಿತು. “ಇದು ಭಾರ ಉಂಟು ಅಜ್ಜ,” ಎಂದು ಅವಳು ದೊಡ್ಡದನ್ನು ಅವರ ಕೈಗಿತ್ತಳು. ಅಜ್ಜನಿಗೆ ಆ ಭಾರವೇ ಹಿತ. ವಯಸ್ಸಿನಿಂದ ಸ್ವಲ್ಪ ನಡುಗುವ ಅವರ ಕೈ ಅದನ್ನು ಹಿಡಿದಾಗ ನೆಲೆ ನಿಲ್ಲುತ್ತಿತ್ತು. ಆಳವಾದ ಹಿಡಿಕೆಯಲ್ಲಿ ಬೆರಳುಗಳು ತಮ್ಮ ಜಾಗವನ್ನು ತಾವೇ ಹುಡುಕಿಕೊಳ್ಳುತ್ತಿದ್ದವು. ಆದರೆ ಸೂರ್ಯ ಕಡಲಿನ ಸಮೀಪಕ್ಕೆ ಬಂದಾಗ ಮೊಮ್ಮಗಳು ದೊಡ್ಡದರ ಕಿಂಡಿಗೆ ಕಣ್ಣಿಡಲು ಅವರು ಬಿಡಲಿಲ್ಲ. ಗಾಜಿನ ಮೂಲಕ ಬರುವ ಸೂರ್ಯನ ಬೆಳಕು ನೇರವಾಗಿ ಕಣ್ಣಿಗೇ ತಾಗುತ್ತದೆ. ಲೆನ್ಸು ಅದನ್ನು ಒಟ್ಟುಗೂಡಿಸಿ ಕೊಡುವುದರಿಂದ ಅಪಾಯ ಹೆಚ್ಚು. ಸಣ್ಣದರಲ್ಲಿ ಕಣ್ಣು ನೋಡುವುದು ಪರದೆಯನ್ನಾದ್ದರಿಂದ ಆ ಭಯವಿಲ್ಲ. ಅವಳು ಅದನ್ನು ಕೈಗೆತ್ತಿಕೊಂಡಳು. ಸೂರ್ಯ ಇನ್ನೇನು ನೀರಿಗೆ ತಾಗಬೇಕೆನ್ನುವಾಗ ಅದರ ಬ್ಯಾಟರಿ ಮುಗಿಯಿತು.

ಅದು ಕ್ಯಾಮರಾದ ದೋಷವೆನ್ನುವಂತಿಲ್ಲ. ಪರದೆ ಸದಾ ಉರಿಯುತ್ತಿರಬೇಕಾದ್ದರಿಂದ ಝಡ್ 50ರ ಬ್ಯಾಟರಿ ಒಂದು ತುಂಬಿಗೆ ಸುಮಾರು 300 ಚಿತ್ರಗಳಿಗೆ ಸಾಕಾಗುತ್ತದೆಂಬುದು ತಯಾರಕರೇ ಕೊಡುವ ಲೆಕ್ಕ. ಡಿ 7500ಕ್ಕೆ ಅದೇ ಲೆಕ್ಕ 950. ಎರಡನೆಯ ಬ್ಯಾಟರಿ ತರದೆ ಬಂದದ್ದು ತಮ್ಮದೇ ತಪ್ಪೆಂದು ಮಾಷ್ಟ್ರು ಒಪ್ಪಿಕೊಂಡರು. ಸೂರ್ಯಾಸ್ತದ ಕೊನೆಯ ಚಿತ್ರ, ಸೂರ್ಯ ಮುಳುಗಿ ಬಾನು ಕೆಂಪಾದ ಮೇಲೆ, ದೊಡ್ಡದರಲ್ಲಿ ಅಜ್ಜ ತೆಗೆದದ್ದು.

ಅಂದು ರಾತ್ರಿ ಬದಿಯಡ್ಕದ ಕಡೆಯ ಒಂದು ಗದ್ದೆಯಲ್ಲಿ ಬಯಲಾಟ. ಮನೆಗೆ ಹೋಗಿ ಬ್ಯಾಟರಿ ತುಂಬಿಸಿಕೊಂಡು, ಉಂಡು, ಅಲ್ಲಿಗೆ ಹೋದರು. ಚೆಂಡೆಯ ಸದ್ದಿನಲ್ಲಿ ಕನ್ನಡಿಯ ‘ಟಕ್’ ಯಾರಿಗೆ ಕೇಳುತ್ತದೆ? ಇಲ್ಲಿ ಅಜ್ಜನ ಲೆನ್ಸು ದೊಡ್ಡ ಕ್ಯಾಮರಾದ ಮೇಲೆ ಕುಳಿತಿತು. ಆ ಕಾಲದ ಲೆನ್ಸುಗಳಲ್ಲಿ ಫೋಕಸ್ ಮಾಡುವ ಮೋಟಾರು ಇರುವುದಿಲ್ಲ. ಡಿ 7500ರ ಒಳಗೇ ಆ ಮೋಟಾರಿದೆ. ಆದ್ದರಿಂದ ಹಳೆಯ ಲೆನ್ಸು ಅದರ ಮೇಲೆ ಚುರುಕಾಗಿ ತಾನೇ ಫೋಕಸ್ ಹಿಡಿಯಿತು. ಪುಂಡುವೇಷ ಧೀಂಗಣ ಹಾಕುವಾಗಲೂ ಅಜ್ಜನ ಚಿತ್ರಗಳು ಕದಡಲಿಲ್ಲ. ಹುಡುಗಿ ಅದೇ ಲೆನ್ಸನ್ನು ಸಣ್ಣದಕ್ಕೆ ಹಾಕಿ ಕೈಯಿಂದ ಉಂಗುರ ತಿರುಗಿಸುವಷ್ಟರಲ್ಲಿ ವೇಷ ರಂಗಸ್ಥಳದ ಇನ್ನೊಂದು ತುದಿಗೆ ಹೋಗಿರುತ್ತಿತ್ತು. ನಡುರಾತ್ರಿ ಕಳೆದ ಮೇಲೆ ಅವಳು ಕ್ಯಾಮರಾ ಬದಿಗಿಟ್ಟು ಆಟ ನೋಡಿದಳು.

ಸೋಮವಾರ ಶಾಲೆ. ಅಂದು ಮೂವತ್ತು ವರ್ಷಗಳ ಹಿಂದೆ ನಿವೃತ್ತರಾದ ಕನ್ನಡದ ಮಾಷ್ಟ್ರೊಬ್ಬರನ್ನು ಕರೆಸಿದ್ದರು. ಅವರು ಜಗಲಿಯ ಕಂಬಕ್ಕೊರಗಿ ಕುಳಿತು, ಕಟ್ಟಡ ಕಟ್ಟುವಾಗ ಊರವರು ಕಲ್ಲು ಹೊತ್ತ ಕಥೆಯನ್ನು ಹೇಳತೊಡಗಿದರು. ದೊಡ್ಡ ಕ್ಯಾಮರಾ ಮುಖಕ್ಕೇರಿದೊಡನೆ ಅವರು ಮಾತು ನಿಲ್ಲಿಸಿ, ಅಂಗಿಯ ಗುಂಡಿ ಹಾಕಿಕೊಂಡು, ನೆಟ್ಟಗೆ ಕುಳಿತರು. ಬಂದದ್ದು ಗುರುತಿನ ಚೀಟಿಗೆ ಹೊಂದುವ ಚಿತ್ರ. ಹುಡುಗಿ ಸಣ್ಣದನ್ನು ತೆಗೆದು, ಪರದೆಯನ್ನು ಮೇಲಕ್ಕೆ ವಾಲಿಸಿ, ಮಡಿಲಲ್ಲಿಟ್ಟುಕೊಂಡು ಎದುರು ಕುಳಿತಳು. “ಮತ್ತೆ ಎಂತಾಯ್ತು ಮಾಷ್ಟ್ರೇ?” ಎಂದು ಕೇಳಿದಳು. ಅವರು ಅವಳ ಮುಖ ನೋಡುತ್ತ ಕಥೆ ಮುಂದುವರಿಸಿದರು. ಸದ್ದಿಲ್ಲದೆ ಚಿತ್ರಗಳು ಕಾರ್ಡಿಗಿಳಿದವು. ಪರದೆ ವಾಲಿಸುವ ಅನುಕೂಲ ದೊಡ್ಡದರಲ್ಲೂ ಇದೆ. ಆದರೆ ಪರದೆ ನೋಡಿಕೊಂಡು ತೆಗೆಯುವಾಗ ಅದರ ಫೋಕಸ್ ನಿಧಾನ. ತಡವರಿಸಿ ಹಿಡಿಯುವಷ್ಟರಲ್ಲಿ ನಗು ಮುಗಿದಿರುತ್ತದೆ.

ಅಡುಗೆಮನೆಯಲ್ಲೂ ಹಾಗೆಯೇ ಆಯಿತು. ಫೋಟೋ ಎಂದರೆ ಸೆರಗು ಮುಖಕ್ಕೆ ಹಿಡಿಯುವ ಅಡುಗೆಯ ಅಕ್ಕ, ಮಡಿಲ ಸಮೀಪವಿದ್ದ ಕ್ಯಾಮರಾವನ್ನು ಗಮನಿಸದೆ ಗಂಜಿಯ ಹಂಡೆಗೆ ಸೌಟು ಹಾಕಿದರು. ಆಮೇಲೆ ಹುಡುಗಿ ಚಿತ್ರ ತೋರಿಸಿ, ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. ಅವರು ಬಹಳ ಹೊತ್ತು ನೋಡಿ, “ಇರ್ಲಿ,” ಎಂದರು.

ಸಂಜೆ ರಕ್ಷಕ-ಶಿಕ್ಷಕ ಸಂಘದವರು ಸೇರಿದರು. ತಾಂತ್ರಿಕ ವಿವರಗಳನ್ನು ಮುಂದಿಟ್ಟರೆ ವಾದಕ್ಕೆ ಕೊನೆಯಿರದೆಂದು ಮಾಷ್ಟ್ರು ಬೇರೆ ಉಪಾಯ ಹೂಡಿದ್ದರು. ಮೂರು ದಿನಗಳ ಚಿತ್ರಗಳನ್ನೆಲ್ಲ ಬೆರೆಸಿ, ಯಾವ ಕ್ಯಾಮರಾದ್ದೆಂದು ತಿಳಿಯದಂತೆ ಬರಿಯ ಸಂಖ್ಯೆ ಕೊಟ್ಟು, ಗೋಡೆಯ ಮೇಲೆ ಒಂದೊಂದಾಗಿ ತೋರಿಸಿದರು. ಉಳಿಸಿಕೊಳ್ಳಬೇಕಾದ ನಲವತ್ತನ್ನು ಸಭೆಯೇ ಆರಿಸಿತು. ಆಮೇಲೆ ಸಂಖ್ಯೆಗಳನ್ನು ಪಟ್ಟಿಯೊಂದಿಗೆ ಹೋಲಿಸಿದರು. ಕೋಟೆ, ಕೆರೆ, ಅಂಗಳಗಳಲ್ಲಿ ಎರಡೂ ಸರಿಸಮ. ಬಯಲಾಟದವು ಬಹುಪಾಲು ದೊಡ್ಡದರವು. ತಾಳಮದ್ದಳೆಯವು, ಶಾಲೆಯವು ಹೆಚ್ಚುಕಡಿಮೆ ಎಲ್ಲವೂ ಸಣ್ಣದರವು.

ಸದಸ್ಯರೊಬ್ಬರು ಅಜ್ಜನನ್ನೇ ಕೇಳಿದರು: “ನೀವು ಇಷ್ಟು ವರ್ಷ ಇದೇ ಕೆಲಸ ಮಾಡಿದವರು. ನಿಮ್ಮ ಅಭಿಪ್ರಾಯ ಎಂತದು?”

“ನನಗಾದ್ರೆ ದೊಡ್ಡದೇ,” ಎಂದರು ಅಜ್ಜ. “ನನ್ನ ಲೆನ್ಸು ಅದಕ್ಕೆ ಸರಿಯಾಗಿ ಕೂರ್ತದೆ, ನನ್ನ ಕೈ ಅದ್ರಲ್ಲಿ ನಡುಗುವುದಿಲ್ಲ, ನಾನು ಆಟದ ಹುಚ್ಚಿನವ. ಆದ್ರೆ ತೆಗೆಯುವುದು ನಾನಲ್ಲ. ಈ ಮಕ್ಕಳು. ತೆಗೆಯಬೇಕಾದ್ದು ಆಟವೂ ಅಲ್ಲ. ನಿಮ್ಮ ನಿರ್ಣಯದಲ್ಲಿ ಎಂತ ಬರೆದಿದ್ದೀರಿ, ಓದಿ ನೋಡಿ.”

ಕಾರ್ಯದರ್ಶಿ ಪುಸ್ತಕ ತೆರೆದು ಓದಿದರು. ಕಲಿತವರ, ಕಲಿಸಿದವರ, ಬೇಯಿಸಿದವರ ಮುಖಗಳು ಎಂದಿತ್ತು. ಸಣ್ಣದನ್ನೇ ಕೊಳ್ಳುವುದೆಂದಾಯಿತು; ಜೊತೆಗೆ ಅಡಾಪ್ಟರು ಮತ್ತು ಇನ್ನೆರಡು ಬ್ಯಾಟರಿ. ಕ್ರೀಡೋತ್ಸವದ ದಿನ ಯಾರಾದರೂ ಹಳೆ ವಿದ್ಯಾರ್ಥಿಯಿಂದ ದೊಡ್ಡ ಕ್ಯಾಮರಾ ಎರವಲು ತರಬಹುದೆಂದೂ ಬರೆದುಕೊಂಡರು. ಲೆನ್ಸನ್ನು ಅಜ್ಜ ಶಾಲೆಗೇ ಕೊಟ್ಟರು. ಶನಿವಾರಗಳಂದು ಬಂದು ಉಂಗುರ ತಿರುಗಿಸುವುದನ್ನು ಮಕ್ಕಳಿಗೆ ಕಲಿಸುವ ಕೆಲಸವೂ ಅವರ ಪಾಲಿಗೆ ಬಂತು.

ಮಾರ್ಚಿನಲ್ಲಿ, ಪರೀಕ್ಷೆಗೆ ಮುಂಚೆ, ಒಂದನೇ ತರಗತಿಯವರನ್ನು ಜಗಲಿಯಲ್ಲಿ ನಿಲ್ಲಿಸಿದರು. ಕಚೇರಿಯ ಗೋಡೆಯ ಹಳೆಯ ಚಿತ್ರದಲ್ಲಿರುವ ಅದೇ ಜಾಗ. ನಾಲ್ಕು ಸಾಲಿನ ಬದಲು ಒಂದೇ ಸಾಲು. ಹಳೆಯ ಲೆನ್ಸಿನಲ್ಲಿ ಹುಡುಗಿ ಮಕ್ಕಳ ಮುಖಗಳನ್ನು ತುಂಬಿಸಿಕೊಂಡು, ಉಂಗುರ ತಿರುಗಿಸಿ, ಸಿದ್ಧಳಾದಳು.

“ಮಾಡು ಬರ್ತದಾ?” ಎಂದು ಅಜ್ಜ ಹಿಂದಿನಿಂದ ಕೇಳಿದರು.

“ಇಲ್ಲ ಅಜ್ಜ. ಮುಖ ಸಣ್ಣದಾಗ್ತದೆ.”

“ಆಗ್ಲಿ. ಹಿಂದೆ ಬಾ.”

ಅವಳು ಅಂಗಳಕ್ಕಿಳಿದಳು. ಮಾಡಿನ ಹೆಂಚುಗಳೂ ಮಕ್ಕಳೂ ಒಟ್ಟಿಗೆ ಕಾಣುವವರೆಗೆ ಹಿಂದೆ ಹಿಂದೆ ಸರಿದು, ಗೇರುಮರದ ಬುಡಕ್ಕೆ ಬೆನ್ನು ತಾಗಿದಾಗ ನಿಂತಳು.